ಚುರುಕಿನ ಕಾರಿಗೆ ಚಕ್ರಗಳ ನಿಲುವು

ಈಚೆಗೆ ನಮ್ಮ ಪಟ್ಟಣಗಳಲ್ಲಿ ಚುರುಕಾದ ಸಣ್ಣ ಕಾರುಗಳ ಮೇಲಣ ಮೋಹವು ಹೆಚ್ಚುತ್ತಿರುವುದನ್ನು ವಾಚಕರು ಕಂಡೇ ಇರುವರು. ವಾರವೆಲ್ಲ ಮಕ್ಕಳನ್ನು ಶಾಲೆಗೆ ಬಿಟ್ಟು ಕಚೇರಿಗೆ ಹೋಗತಕ್ಕ ಗೃಹಸ್ಥನು ಭಾನುವಾರ ಬಂದೊಡನೆ ಅದೇ ಕಾರಿನಲ್ಲಿ ಘಟ್ಟದ ತಿರುವುಗಳನ್ನು ಹುಡುಕಿಕೊಂಡು ಹೊರಡುತ್ತಾನೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇಂಥ ಕಾರುಗಳ ಒಡೆಯರು ಬಣ್ಣ, ದೀಪ, ಹೊಗೆಕೊಳವೆಗಳ ವಿಷಯದಲ್ಲಿ ತೋರಿಸುವ ಆಸ್ಥೆಯ ಕಾಲುಭಾಗವನ್ನಾದರೂ ಚಕ್ರಗಳ ನಿಲುವಿನ ವಿಷಯದಲ್ಲಿ ತೋರಿಸುವುದಿಲ್ಲ. ಟಯರಂಗಡಿಯವನು ಕಾರನ್ನು ಅಲೈನ್‌ಮೆಂಟ್ ಯಂತ್ರಕ್ಕೆ ಹತ್ತಿಸಿ, ಪರದೆಯ ಮೇಲಿನ ಅಂಕೆಗಳೆಲ್ಲವೂ ಹಸುರಾದುವೆಂದು ಹೇಳಿದರೆ, ಹಣ ಕೊಟ್ಟು ಹಿಂದಿರುಗುತ್ತಾರೆ.

ಆ ಹಸುರು ಬಣ್ಣದ ಅರ್ಥವಾದರೂ ಏನು? ಕಾರನ್ನು ತಯಾರಿಸಿದವರು ಗೊತ್ತುಮಾಡಿರುವ ಎರಡು ಎಲ್ಲೆಗಳ ನಡುವೆ ಆ ಅಂಕೆಯು ಬಂದಿದೆ ಎಂದಷ್ಟೇ. ಎಲ್ಲೆಯ ಈ ತುದಿಯಲ್ಲಿದ್ದರೂ ಹಸುರು, ಆ ತುದಿಯಲ್ಲಿದ್ದರೂ ಹಸುರು. ಒಂದು ತುದಿಯಲ್ಲಿ ಅದೇ ಕಾರು ನೆಟ್ಟಗೆ, ಸೌಮ್ಯವಾಗಿ ಓಡಬಹುದು. ಮತ್ತೊಂದು ತುದಿಯಲ್ಲಿ ಚಪಲವಾಗಿ, ಸದಾ ಚಾಲಕನ ಕೈಯನ್ನು ಬೇಡುತ್ತ ಓಡಬಹುದು. ಇವೆರಡರ ನಡುವೆ ಯಾವುದು ತನಗೆ ಬೇಕೆಂಬುದನ್ನು ಒಡೆಯನೇ ನಿಶ್ಚಯಿಸಬೇಕು. ಯಂತ್ರವು ಅಳೆಯುತ್ತದೆ, ಆರಿಸುವ ಕೆಲಸ ಅದರದಲ್ಲ.

ಚಕ್ರದ ನಿಲುವೆಂದರೆ ಮುಖ್ಯವಾಗಿ ಮೂರು ಓರೆಗಳು. ಮನುಷ್ಯನು ನಿಂತಾಗ ಎರಡು ಪಾದಗಳ ಬೆರಳುಗಳು ಒಂದಕ್ಕೊಂದು ಎದುರಾಗಿ ಒಳಕ್ಕೆ ತಿರುಗಿದಂತೆ, ಮೇಲಿನಿಂದ ನೋಡಿದರೆ ಚಕ್ರಗಳ ಮುಂಭಾಗವು ಒಳಕ್ಕೆ ತಿರುಗಿದ್ದರೆ ಅದು ಟೋ-ಇನ್. ಹೊರಕ್ಕೆ ತಿರುಗಿದ್ದರೆ ಟೋ-ಔಟ್. ಕಾರಿನ ಎದುರು ನಿಂತು ನೋಡಿದಾಗ ಚಕ್ರದ ನೆತ್ತಿಯು ಒಳಕ್ಕೆ ವಾಲಿದ್ದರೆ ಅದನ್ನು ಋಣ ಕ್ಯಾಂಬರ್ ಎನ್ನುವರು. ಹೊರಕ್ಕೆ ವಾಲಿದ್ದರೆ ಧನ ಕ್ಯಾಂಬರ್. ಮೂರನೆಯದಾದ ಕ್ಯಾಸ್ಟರನ್ನು ಸೈಕಲ್ಲಿನ ಮುಂದಿನ ಫೋರ್ಕಿನಲ್ಲಿ ನೋಡಬಹುದು. ಅದು ನೆಟ್ಟಗೆ ನಿಲ್ಲದೆ ಸವಾರನ ಕಡೆಗೆ ಓರೆಯಾಗಿರುವುದರಿಂದಲೇ ಸೈಕಲ್ಲು ತನ್ನಷ್ಟಕ್ಕೆ ನೇರವಾಗಿ ಹೋಗಲು ಬಯಸುತ್ತದೆ. ಬಹುತೇಕ ಸಣ್ಣ ಕಾರುಗಳಲ್ಲಿ ಕ್ಯಾಸ್ಟರನ್ನು ಬದಲಾಯಿಸಲು ಏರ್ಪಾಟೇ ಇಲ್ಲ. ಆದರೂ ಅದನ್ನು ಅಳೆಯಿಸುವುದರಿಂದ ಒಂದು ಪ್ರಯೋಜನವುಂಟು: ಎಡಬಲಗಳ ಕ್ಯಾಸ್ಟರಿನಲ್ಲಿ ಹೆಚ್ಚು ವ್ಯತ್ಯಾಸ ಕಂಡರೆ, ಯಾವುದೋ ಹಳ್ಳಕ್ಕೆ ಬಿದ್ದು ಒಂದು ಕಡೆಯ ತೋಳು ಬಾಗಿದೆಯೆಂದು ಶಂಕಿಸಬೇಕು.

ಟಯರನ್ನು ತಿನ್ನುವುದರಲ್ಲಿ ಈ ಮೂರರ ಪೈಕಿ ಟೋವಿಗೆ ಸಮನಾದುದಿಲ್ಲ. ಲೆಕ್ಕವನ್ನು ನೋಡೋಣ. 16 ಅಂಗುಲದ ರಿಮ್ಮಿನ ಅಡ್ಡಳತೆ ಸುಮಾರು 406 ಮಿಲಿಮೀಟರು. ಒಂದು ಚಕ್ರವು ಆ ಅಳತೆಯಲ್ಲಿ 1 ಮಿಲಿಮೀಟರಿನಷ್ಟು ಓರೆಯಾಗಿದ್ದರೆ ಕೋನವು 0.14 ಡಿಗ್ರಿ ಮಾತ್ರ, ಕಣ್ಣಿಗೆ ಕಾಣುವಂಥದಲ್ಲ. ಆದರೆ ಅಂಥ ಚಕ್ರವು ಪ್ರತಿಯೊಂದು ಕಿಲೋಮೀಟರಿಗೆ ಸುಮಾರು ಎರಡೂವರೆ ಮೀಟರು ಪಕ್ಕಕ್ಕೆ ಹೋಗಬೇಕೆಂದು ಹಟ ಹಿಡಿಯುತ್ತದೆ. ಎದುರಿನ ಚಕ್ರವು ಅದನ್ನು ಹೋಗಗೊಡುವುದಿಲ್ಲ. 2023ರಲ್ಲಿ ತೆರೆದ ಬೆಂಗಳೂರು–ಮೈಸೂರು ಹೆದ್ದಾರಿಯ ಸುಮಾರು 119 ಕಿಲೋಮೀಟರುಗಳನ್ನು ಒಮ್ಮೆ ಕ್ರಮಿಸುವಷ್ಟರಲ್ಲಿ, ಹಾಗೆ ಪಕ್ಕಕ್ಕೆ ಎಳೆದಾಡಿದ ದೂರವು 290 ಮೀಟರಿಗೂ ಮೀರುತ್ತದೆ. ಸಾಣೆಕಲ್ಲಿನ ಮೇಲೆ ಗಂಧದ ಕೊರಡನ್ನು ತೇಯುವಂತೆ ರಸ್ತೆಯ ಮೇಲೆ ರಬ್ಬರನ್ನು ತೇಯುತ್ತ ಹೋಗುವುದೆಂದರೆ ಇದೇ. ಇಲ್ಲಿ ಪರಿಮಳವೊಂದೇ ಕಡಮೆ.

ಹಾಗಾದರೆ ಟೋ-ಔಟನ್ನು ಬೇಕೆಂದೇ ಇಡುವವರು ಏಕಿದ್ದಾರೆ? ಮುಂದಿನ ಚಕ್ರಗಳಿಗೆ ಸ್ವಲ್ಪ ಟೋ-ಔಟ್ ಕೊಟ್ಟರೆ ಸ್ಟಿಯರಿಂಗನ್ನು ಮುಟ್ಟಿದೊಡನೆ ಕಾರಿನ ಮೂತಿಯು ತಿರುವಿಗೆ ಹೊರಳುತ್ತದೆ. ತಿರುವುಗಳೇ ತುಂಬಿರುವ ಪಂದ್ಯದ ಕಣದಲ್ಲಿ ಅದು ಗುಣ. ನೇರ ರಸ್ತೆಯಲ್ಲಿ ಅದೇ ಕಾರು ಪ್ರತಿಯೊಂದು ಗೀರನ್ನೂ ಗಾಡಿಜಾಡನ್ನೂ ಹಿಂಬಾಲಿಸುತ್ತ, ಎರಡು ಗಂಟೆಯ ಪ್ರಯಾಣದಲ್ಲಿ ಚಾಲಕನ ತೋಳುಗಳನ್ನು ದಣಿಸಿಬಿಡುತ್ತದೆ. ಹಿಂದಿನ ಚಕ್ರಗಳ ವಿಷಯದಲ್ಲಂತೂ ನಾವು ಯಾವ ರಿಯಾಯಿತಿಯನ್ನೂ ಕೊಡಲಾರೆವು. ಹಿಂದೆ ಟೋ-ಔಟ್ ಇರುವ ಕಾರು, ತಿರುವಿನ ನಡುವೆ ಬೆದರಿ ಆಕ್ಸಲರೇಟರಿನಿಂದ ಕಾಲು ತೆಗೆದಾಗ, ಬಾಲವನ್ನು ಹೊರಕ್ಕೆ ಬೀಸಲು ಹವಣಿಸುತ್ತದೆ. ಮನೆಮಂದಿ ಕೂರುವ ಕಾರಿಗೆ ಹಿಂದೆ ಅಲ್ಪ ಟೋ-ಇನ್ನೇ ಇರತಕ್ಕದ್ದು.

ಕ್ಯಾಂಬರಿನ ಕಥೆ ಬೇರೆ. ಕಾರು ವೇಗವಾಗಿ ತಿರುಗಿದಾಗ ಮೈಯು ಹೊರಕ್ಕೆ ವಾಲುತ್ತದೆ. ಆ ವಾಲಿನೊಡನೆ ಹೊರಗಡೆಯ ಚಕ್ರವೂ ವಾಲಿ, ಟಯರು ತನ್ನ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಮೊದಲೇ ನೆತ್ತಿಯನ್ನು ಸ್ವಲ್ಪ ಒಳಕ್ಕೆ ಬಾಗಿಸಿಟ್ಟಿದ್ದರೆ, ಆ ಹೊತ್ತಿನಲ್ಲಿ ಟಯರು ತನ್ನ ಪೂರ್ತಿ ಅಗಲದಿಂದ ನೆಲವನ್ನು ಹಿಡಿಯುತ್ತದೆ. ಇಂದಿನ ಸಣ್ಣ ಕಾರುಗಳ ಮುಂಭಾಗದಲ್ಲಿ ಸಾಮಾನ್ಯವಾಗಿರುವುದು ಅಮೆರಿಕದ ಎಂಜಿನಿಯರು ಅರ್ಲ್ ಮ್ಯಾಕ್‌ಫರ್ಸನನ ಹೆಸರಿನ ಸ್ಟ್ರಟ್ ಏರ್ಪಾಟು. ಸರಳ, ಅಗ್ಗ, ಇಕ್ಕಟ್ಟಾದ ಜಾಗದಲ್ಲಿ ಹಿಡಿಸುವಂಥದು. ಅದರ ಕೊರತೆಯೆಂದರೆ, ಸ್ಪ್ರಿಂಗು ಕುಸಿದಾಗ ಚಕ್ರವು ತಾನಾಗಿ ಒಳಕ್ಕೆ ಬಾಗುವುದು ಬಹಳ ಸ್ವಲ್ಪ. ಆದಕಾರಣ ಚುರುಕಾಗಿ ಓಡಿಸುವವರು ನಿಂತ ಕಾರಿನಲ್ಲೇ ಋಣ ಕ್ಯಾಂಬರನ್ನು ಹೆಚ್ಚಿಸಲು ಬಯಸುತ್ತಾರೆ. ಅಂದಕ್ಕಾಗಿ ಕಾರನ್ನು ತಗ್ಗಿಸುವವರಿಗೆ ಒಂದು ಮಾತು: ತಗ್ಗಿಸಿದಾಗ ಕ್ಯಾಂಬರು ಅಷ್ಟಿಷ್ಟು ಬದಲಾಗುವುದರ ಜೊತೆಗೆ ಟೋವೂ ಕೆಡುತ್ತದೆ. ಹೊಸ ಸ್ಪ್ರಿಂಗು ಹಾಕಿಸಿ, ಅಲೈನ್‌ಮೆಂಟ್ ಮಾಡಿಸದೆ ಊರಿಗೆ ಹೊರಟವರ ಟಯರುಗಳನ್ನು ನೋಡಿದರೆ ಮರುಕವಾಗುತ್ತದೆ.

ಇಷ್ಟೆಲ್ಲ ಆಸೆಪಡುವುದಕ್ಕೆ ಮುಂಚೆ, ತನ್ನ ಕಾರಿನಲ್ಲಿ ಬದಲಾಯಿಸಲು ಸಾಧ್ಯವಾದದ್ದು ಎಷ್ಟೆಂದು ತಿಳಿಯುವುದು ಲೇಸು. 1989ರಲ್ಲಿ ಹೊರಬಂದ ಜಪಾನಿನ ಮಾಜ್ದಾ ಎಂಎಕ್ಸ್-5 ಎಂಬ ಇಬ್ಬರು ಕೂರುವ ಕಾರಿನಲ್ಲಿ, ತಿರುಗಿಸಿದರೆ ತೋಳುಗಳನ್ನು ಅತ್ತಿತ್ತ ಸರಿಸುವ ಬೋಲ್ಟುಗಳು ಹಿಂದೆಯೂ ಮುಂದೆಯೂ ಇದ್ದುವು. ಒಡೆಯನು ತನ್ನ ಮನಸ್ಸಿಗೆ ಬಂದಂತೆ ಹದಮಾಡಬಹುದಾಗಿತ್ತು. ನಮ್ಮಲ್ಲಿ ಅಷ್ಟು ಭಾಗ್ಯವಿಲ್ಲ. ಚಾಕಣದಲ್ಲಿ ತಯಾರಾಗಿ 2010ರಿಂದ 2022ರ ವರೆಗೆ ಮಾರಾಟವಾದ ಫೋಕ್ಸ್‌ವ್ಯಾಗನ್ ಪೋಲೋವನ್ನು ತೆಗೆದುಕೊಳ್ಳಿರಿ. ಚುರುಕಿನ ಕಾರೆಂದು ಹೆಸರಾಗಿ, ಇಂದಿಗೂ ಅನೇಕರ ಮನೆಯಂಗಳದಲ್ಲಿದೆ. ಅದರ ಹಿಂದಿನ ಎರಡು ಚಕ್ರಗಳನ್ನು ಒಂದೇ ತೊಲೆಯು ಜೋಡಿಸಿದೆ. ಅಲ್ಲಿ ತಿರುಗಿಸಲು ತಿರುಪೇ ಇಲ್ಲ. ಮುಂದೆ ಟೈರಾಡುಗಳಿಂದ ಟೋವನ್ನು ಸರಿಪಡಿಸಬಹುದು. ಕ್ಯಾಂಬರಿಗೆ ಕೆಳಗಿನ ಚೌಕಟ್ಟನ್ನು ಪಕ್ಕಕ್ಕೆ ಸರಿಸುವುದೊಂದೇ ದಾರಿ. ಆಗ ಒಂದು ಚಕ್ರಕ್ಕೆ ಸಿಕ್ಕಿದಷ್ಟನ್ನು ಮತ್ತೊಂದು ಕಳೆದುಕೊಳ್ಳುತ್ತದೆ. ಅಂದರೆ ಎಡಬಲಗಳನ್ನು ಸಮಮಾಡಬಹುದು, ಎರಡನ್ನೂ ಹೆಚ್ಚಿಸಲಾಗದು.

ಆದುದರಿಂದ ಏನೂ ಮಾರ್ಪಾಟಿಲ್ಲದ ಇಂಥ ಕಾರಿಗೆ ನಾವು ಸೂಚಿಸುವುದು ಇಷ್ಟು: ಮುಂದಿನ ಎರಡು ಚಕ್ರಗಳ ಕ್ಯಾಂಬರು ಆದಷ್ಟೂ ಸಮನಾಗಿರಲಿ, ವ್ಯತ್ಯಾಸವು ಅರ್ಧ ಡಿಗ್ರಿಯನ್ನು ಮೀರದಿರಲಿ, ತಯಾರಕರ ಎಲ್ಲೆಯೊಳಗೇ ಟೋವು ಸೊನ್ನೆಗೆ ಹತ್ತಿರವಾಗಿರಲಿ. ಇದರಿಂದಲೇ ಸ್ಟಿಯರಿಂಗಿನಲ್ಲಿ ಆಗುವ ಸುಧಾರಣೆಯು ಅನೇಕರಿಗೆ ಸಾಕಾಗುತ್ತದೆ. ಸ್ಟ್ರಟ್ಟಿನ ತಲೆಗೆ ಸರಿಸಬಲ್ಲ ತಟ್ಟೆಗಳನ್ನು ಹಾಕಿಸಿಕೊಂಡಿರುವ ಉತ್ಸಾಹಿಗಳು, ದಿನವೂ ಓಡುವ ಕಾರಿಗೆ ಮುಂದೆ 1ರಿಂದ 1.5 ಡಿಗ್ರಿಯ ಋಣ ಕ್ಯಾಂಬರಿನಲ್ಲಿ ತೃಪ್ತರಾಗುವುದು ವಿವೇಕ. ಟೋ ಸೊನ್ನೆಯಾಗಿದ್ದರೆ ಅಷ್ಟು ಕ್ಯಾಂಬರಿನಿಂದ ಟಯರಿಗೆ ಆಗುವ ನಷ್ಟ ಸಹಿಸತಕ್ಕದ್ದೇ. ಋಣ ಕ್ಯಾಂಬರೂ ಟೋ-ಔಟೂ ಸೇರಿದಾಗ ಮಾತ್ರ ಎರಡೂ ಒಂದೇ ಒಳ ಅಂಚನ್ನು ತಿನ್ನತೊಡಗುತ್ತವೆ.

ಚೆನ್ನೈ ಬಳಿಯ ಇರುಂಗಾಟುಕೋಟ್ಟೈ ಕಣದಲ್ಲಿ ಓಡುವ ಕಾರುಗಳಿಗೆ ಮೂರು ಡಿಗ್ರಿ ಇರಬಹುದು. ಅವುಗಳ ಟಯರು, ಸ್ಪ್ರಿಂಗು, ಓಡುವ ಹೊತ್ತು ಎಲ್ಲವೂ ಬೇರೆ. ಆ ಅಂಕೆಗಳನ್ನೇ ಕೇಳಿ ತಂದು ತನ್ನ ಕಾರಿಗೆ ಇಡಿಸುವುದು ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡಂತೆ. ನೇರವಾಗಿ ಹೋಗುವಾಗಲೂ ಬ್ರೇಕು ಹಾಕುವಾಗಲೂ ಹೆಚ್ಚು ವಾಲಿದ ಟಯರು ನೆಲವನ್ನು ಅಂಚಿನಿಂದಷ್ಟೇ ಹಿಡಿಯುತ್ತದೆ. ಮನೆಯ ಕಾರು ಬದುಕಿನ ಬಹುಪಾಲನ್ನು ನೇರವಾಗಿ ಹೋಗುವುದರಲ್ಲೂ ಬ್ರೇಕು ಹಾಕುವುದರಲ್ಲೂ ಕಳೆಯುತ್ತದೆಂಬುದನ್ನು ಬೆಂಗಳೂರಿನ ನಿವಾಸಿಗಳಿಗೆ ನಾವು ಹೇಳಬೇಕಾಗಿಲ್ಲ.

ಇದು ಕೇವಲ ಟಯರಿನ ಖರ್ಚಿನ ಮಾತಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಒಳ ಅಂಚು ಸವೆದ ಟಯರು ಹೊರಗಿನಿಂದ ನೋಡುವವನಿಗೆ ಹೊಸದರಂತೆಯೇ ಕಾಣುತ್ತದೆ. ಗೃಹಸ್ಥನು ಬಾಗಿಲು ತೆಗೆಯುವಾಗ ಒಮ್ಮೆ ಕಣ್ಣಾಡಿಸಿ, ಗೆರೆಗಳು ಆಳವಾಗಿವೆಯೆಂದು ನೆಮ್ಮದಿಯಿಂದಿರುತ್ತಾನೆ. ಒಳಗಡೆ ಗೆರೆಗಳೆಲ್ಲ ಅಳಿಸಿ, ಕೆಲವು ವೇಳೆ ದಾರದ ಪದರವೇ ಹೊರಬಿದ್ದಿರುತ್ತದೆ. ಜುಲೈ ತಿಂಗಳಲ್ಲಿ ಹೆಂಡತಿ ಮಕ್ಕಳೊಡನೆ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿಯುವಾಗ, ರಸ್ತೆಯ ನೀರನ್ನು ಹೊರದೂಡಬೇಕಾದ ಗೆರೆಗಳು ಟಯರಿನ ಅರ್ಧದಲ್ಲಿ ಇಲ್ಲವೇ ಇಲ್ಲ. ಆ ದಿನ ಬ್ರೇಕು ಒತ್ತಿದಾಗ ತಿಳಿಯುವುದಕ್ಕಿಂತ ಮುಂಚೆಯೇ ತಿಳಿದಿರುವುದು ಒಳ್ಳೆಯದಲ್ಲವೇ?

ಅಂಗಡಿಯಲ್ಲಿ ಕೆಲಸವು ನಡೆಯತಕ್ಕ ಕ್ರಮವನ್ನೂ ಬಲ್ಲವರಾಗಿರಬೇಕು. ಮೊದಲು ಗಾಳಿ ಸರಿಯಾಗಿರಬೇಕು. ಬಾಲ್ ಜಾಯಿಂಟು, ಬುಷ್ಷುಗಳು ಸಡಿಲವಾಗಿರಬಾರದು. ಸಡಿಲವಾದ ಕೀಲನ್ನು ಹಾಗೆಯೇ ಬಿಟ್ಟು ಮಾಡಿಸಿದ ಅಲೈನ್‌ಮೆಂಟು ಅಂಗಡಿಯ ಮುಂದಿನ ಮೊದಲ ಹಳ್ಳದಲ್ಲೇ ಮುಗಿಯುತ್ತದೆ. ಹಿಂದಿನ ಚಕ್ರಗಳ ಅಳತೆ ಮೊದಲು, ಆಮೇಲೆ ಮುಂದಿನ ಕ್ಯಾಂಬರು. ಅದನ್ನು ಬದಲಾಯಿಸಿದರೆ ಟೋವೂ ಬದಲಾಗುವುದರಿಂದ ಟೋವನ್ನು ಕಡೆಯಲ್ಲೇ, ಸ್ಟಿಯರಿಂಗನ್ನು ನೇರವಾಗಿ ಬಿಗಿದಿಟ್ಟು ಸರಿಮಾಡಬೇಕು. ಪ್ರಾಯಶಃ ಒಬ್ಬರೇ ಓಡಿಸುವವರು ತಮ್ಮಷ್ಟು ಭಾರವನ್ನು ಚಾಲಕನ ಆಸನದಲ್ಲಿ ಇಡಿಸುವುದುಂಟು. ಇದು ಹಾಸ್ಯವಲ್ಲ, ಭಾರದಿಂದ ಕಾರಿನ ಮಟ್ಟವು ನಿಜವಾಗಿಯೂ ಬದಲಾಗುತ್ತದೆ. ಕೆಲಸಕ್ಕೆ ಮುಂಚಿನ ಮತ್ತು ನಂತರದ ಅಂಕೆಗಳೆರಡೂ ಇರುವ ಅಚ್ಚಿನ ಹಾಳೆಯನ್ನು ಕೇಳಿ ಪಡೆದು, ಕಾರಿನ ಕಾಗದಗಳೊಡನೆ ಇಟ್ಟುಕೊಳ್ಳಬೇಕು. ಮುಂದಿನ ಸಲ ಯಾವ ಅಂಕೆ ಎಷ್ಟು ಓಡಿಹೋಗಿದೆಯೆಂದು ಆ ಹಾಳೆಯೇ ಹೇಳುತ್ತದೆ.

ಅಂಗಡಿಯಿಂದ ಹೊರಟಮೇಲೆ ಕಾರು ಸ್ವಲ್ಪ ಎಡಕ್ಕೆ ಸರಿಯುವುದೆಂದು ಕೂಡಲೆ ಜಗಳಕ್ಕೆ ಹೋಗಬಾರದು. ನಮ್ಮ ರಸ್ತೆಗಳು ನೀರು ಹರಿಯಲೆಂದು ನಡುವೆ ಉಬ್ಬಿರುತ್ತವೆ; ಎಡಗಡೆ ಓಡುವ ಕಾರು ಎಡಕ್ಕೆ ಜಾರುವುದು ಸಹಜ. ಮಟ್ಟಸವಾದ ನೆಲದಲ್ಲಿಯೂ ಎಳೆದರೆ ಆಗ ಕೇಳಬೇಕು.

ಇನ್ನು ಮನೆಯಲ್ಲೇ ಮಾಡತಕ್ಕ ಪರೀಕ್ಷೆ. ತಿಂಗಳಿಗೊಮ್ಮೆ ಕಾರನ್ನು ನಿಲ್ಲಿಸಿ, ಸ್ಟಿಯರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿದರೆ ಮುಂದಿನ ಟಯರಿನ ಒಳ ಅಂಚು ಕಣ್ಣಿಗೆ ಬೀಳುತ್ತದೆ. ಗೆರೆಗಳ ಆಳದಲ್ಲಿ 1.6 ಮಿಲಿಮೀಟರು ಎತ್ತರದ ಸಣ್ಣ ಗುರುತುಗಳಿರುತ್ತವೆ. ರಬ್ಬರು ಸವೆದು ಅವುಗಳ ಸಮಕ್ಕೆ ಬಂದಿದ್ದರೆ ಆ ಟಯರಿನ ಆಯುಸ್ಸು ತೀರಿತು. ಅಂಗೈಯನ್ನು ಟಯರಿನ ಮೇಲೆ ಅಡ್ಡಲಾಗಿ ಒಳಕ್ಕೊಮ್ಮೆ ಹೊರಕ್ಕೊಮ್ಮೆ ಎಳೆದು ನೋಡಿರಿ. ಒಂದು ಕಡೆಗೆ ನುಣುಪಾಗಿಯೂ ಮತ್ತೊಂದು ಕಡೆಗೆ ಗರಗಸದಂತೆ ಒರಟಾಗಿಯೂ ತಗಲಿದರೆ ಟೋ ಕೆಟ್ಟಿದೆ. ಹಿಂದಿನ ಟಯರುಗಳಿಗೆ ನೆಲದ ಮೇಲೆ ಒಂದು ಗೋಣಿತಾಟು ಹಾಸಿಕೊಂಡು ಬಗ್ಗಬೇಕಾಗುತ್ತದೆ.