ಸಮಾನಾಂತರ ಆಮದಿನ ಕಾರು: ಕೊಳ್ಳುವ ಮುನ್ನ ತಿಳಿಯತಕ್ಕ ಸಂಗತಿಗಳು

ಒಬ್ಬನೇ ತಯಾರಕನ ಕಾರು ಒಂದೇ ನಗರದ ಎರಡು ಅಂಗಡಿಗಳಲ್ಲಿ ಎರಡು ಬೆಲೆಗಳಿಗೆ ಮಾರಾಟವಾಗುವುದು ಸಿಂಗಪುರದಲ್ಲಿ ಸಾಮಾನ್ಯವಾದ ಸಂಗತಿ. ಒಂದು ಅಂಗಡಿ ತಯಾರಕರು ನೇಮಿಸಿದ ಅಧಿಕೃತ ವಿತರಕರದು. ಇನ್ನೊಂದು, ತಯಾರಕರೊಡನೆ ಯಾವ ಕರಾರೂ ಇಲ್ಲದೆ, ಜಪಾನಿನಲ್ಲೋ ಬ್ರಿಟನ್ನಿನಲ್ಲೋ ಮಾರುಕಟ್ಟೆಗೆ ಬಂದ ಕಾರನ್ನು ಕೊಂಡು ತಂದು ಮಾರುವ ವರ್ತಕರದು. ಈ ಎರಡನೆಯ ಬಗೆಯನ್ನು ಸಮಾನಾಂತರ ಆಮದು ಎನ್ನುತ್ತಾರೆ. ಸಮಾನಾಂತರ ರೇಖೆಗಳು ಎಲ್ಲಿಯೂ ಕೂಡುವುದಿಲ್ಲವೆಂದು ಶಾಲೆಯಲ್ಲಿ ಕಲಿತವರಿಗೆ ಈ ಹೆಸರು ತುಸು ವಿಚಿತ್ರವೆನಿಸೀತು. ಇಲ್ಲಿ ಅವು ಕೊಳ್ಳುವವನ ಮನೆಯ ಬಾಗಿಲಲ್ಲಿಯೇ ಕೂಡುತ್ತವೆ. ಇದು ಕಳ್ಳಸಾಗಣೆಯಲ್ಲ, ನಕಲಿ ಸರಕಿನ ವ್ಯಾಪಾರವೂ ಅಲ್ಲ. ಸುಂಕ ತೆತ್ತು, ನೋಂದಣಿ ಮಾಡಿಸಿ, ಕಾನೂನಿನ ಚೌಕಟ್ಟಿನೊಳಗೆ ನಡೆಯುವ ವ್ಯವಹಾರ.

ಚೆನ್ನೈ, ಮುಂಬಯಿ, ಹೈದರಾಬಾದುಗಳಿಂದ ಉದ್ಯೋಗ ನಿಮಿತ್ತ ಸಿಂಗಪುರಕ್ಕೆ ತೆರಳುವ ಕನ್ನಡ ಕುಟುಂಬಗಳಿಗೆ ಈ ಎರಡು ಅಂಗಡಿಗಳ ನಡುವಣ ಆಯ್ಕೆ ಸಣ್ಣ ವಿಷಯವಲ್ಲ. ಅಲ್ಲಿ 1990ರಿಂದ ವಾಹನಗಳ ಸಂಖ್ಯೆಗೆ ಮಿತಿ ವಿಧಿಸಲಾಗಿದ್ದು, ಕಾರನ್ನು ಇಟ್ಟುಕೊಳ್ಳುವ ಹಕ್ಕನ್ನೇ ಹರಾಜಿನಲ್ಲಿ ಪಡೆಯಬೇಕು. ಈ ಹಕ್ಕುಪತ್ರದ ಅವಧಿ 10 ವರ್ಷ. ಇದರ ಮೇಲೆ ಶೇ. 20ರ ಅಬಕಾರಿ ಸುಂಕ, ಶೇ. 9ರ ಸರಕು ಮತ್ತು ಸೇವಾ ತೆರಿಗೆ ಹಾಗೂ ಕಾರಿನ ಮೂಲ ಮೌಲ್ಯ ಹೆಚ್ಚಿದಂತೆ ದರವೂ ಏರುವ ಹೆಚ್ಚುವರಿ ನೋಂದಣಿ ಶುಲ್ಕ ಸೇರುತ್ತವೆ. ಕಾರಿಗಿಂತ ಕಾಗದಗಳೇ ತುಟ್ಟಿ ಎಂದರೂ ನಡೆದೀತು.

ಉಳಿತಾಯದ ಲೆಕ್ಕವನ್ನು ಇಲ್ಲಿಯೇ ಎಚ್ಚರದಿಂದ ಮಾಡತಕ್ಕದ್ದು. ಹಕ್ಕುಪತ್ರದ ಬೆಲೆ ಎರಡೂ ಅಂಗಡಿಗಳಿಗೆ ಒಂದೇ; ಅದರಲ್ಲಿ ಯಾವ ವರ್ತಕನೂ ರಿಯಾಯಿತಿ ಕೊಡಲಾರ. ಸಮಾನಾಂತರ ಆಮದುದಾರನು ಬೆಲೆಯನ್ನು ತಗ್ಗಿಸಬಲ್ಲುದು ಉಳಿದ ಭಾಗದಲ್ಲಿ ಮಾತ್ರ. ಅವನಿಗೆ ಭವ್ಯ ಮಳಿಗೆಯ ಖರ್ಚಿಲ್ಲ, ಜಾಹೀರಾತಿನ ಭಾರ ಕಡಿಮೆ, ಯೆನ್ ಅಗ್ಗವಾದಾಗ ಅದರ ಲಾಭವನ್ನು ಬೇಗನೆ ಪಡೆಯಬಲ್ಲ. ಬೆಲೆಗಿಂತಲೂ ಮಿಗಿಲಾದ ಪ್ರಯೋಜನವೆಂದರೆ, ಅಧಿಕೃತ ವಿತರಕರು ತರದ ಮಾದರಿಗಳು ದೊರೆಯುವುದು. ಹೋಂಡಾ ವೆಜೆಲ್ ಎಂಬ ಜಪಾನೀ ಮಾದರಿಯ ಹೈಬ್ರಿಡ್ ಕಾರುಗಳು ಸಿಂಗಪುರದ ಜನರಿಗೆ ದೊರೆತದ್ದು ಈ ದಾರಿಯಿಂದಲೇ.

ಇದೇ ಕಾರು ಇನ್ನೊಂದು ಮುಖವನ್ನೂ ತೋರಿಸುತ್ತದೆ. 2014ರಲ್ಲಿ ಜಪಾನಿನಲ್ಲಿ ವೆಜೆಲ್ ಹೈಬ್ರಿಡ್ ಕಾರುಗಳನ್ನು ದೋಷ ನಿವಾರಣೆಗಾಗಿ ತಯಾರಕರು ಹಿಂದಕ್ಕೆ ಕರೆಸಿದರು. ಅಧಿಕೃತ ವಿತರಕರಿಂದ ಕೊಂಡವನ ವಿಳಾಸ ತಯಾರಕರ ಜಾಲದಲ್ಲಿರುತ್ತದೆ. ಸಮಾನಾಂತರ ಆಮದಿನ ಕಾರು ಕೊಂಡವನಾದರೋ ಮೊದಲು ತನಗೆ ಮಾರಿದ ವರ್ತಕನನ್ನೇ ವಿಚಾರಿಸಬೇಕು. ವಾರಂಟಿಯೂ ಹಾಗೆಯೇ. ಅದನ್ನು ಕೊಡುವವನು ಸಾಮಾನ್ಯವಾಗಿ ವರ್ತಕ, ತಯಾರಕನಲ್ಲ. ಅಂಗಡಿ ಮುಚ್ಚಿದರೆ ವಾರಂಟಿಯ ಕಾಗದಕ್ಕೆ ಕಾಗದದ ಬೆಲೆಯಷ್ಟೇ. ಜಪಾನಿನ ಒಳಮಾರುಕಟ್ಟೆಗಾಗಿ ತಯಾರಾದ ಕಾರಿನ ಪರದೆಯ ಮೇಲೆ ಅಕ್ಷರಗಳೆಲ್ಲ ಜಪಾನೀ ಭಾಷೆಯಲ್ಲಿರಬಹುದು. ಅಲ್ಲಿನ ಎಫ್.ಎಂ. ಪ್ರಸಾರ 76 ಮೆಗಾಹರ್ಟ್ಸ್‌ನಿಂದ ಆರಂಭವಾಗುವುದರಿಂದ, 88ರಿಂದ 108ರವರೆಗಿನ ಸ್ಥಳೀಯ ನಿಲಯಗಳೆಲ್ಲ ಅದರ ರೇಡಿಯೋದಲ್ಲಿ ಕೇಳಿಸದೆ ಹೋಗಬಹುದು. ಇವು ಸಣ್ಣ ಕಿರುಕುಳಗಳು, ಸರಿಪಡಿಸಬಹುದಾದವು.

ಸರಿಪಡಿಸಲಾಗದ್ದು ಮುಂಗಡ ಹಣದ ನಷ್ಟ. ಕಾರು ಹಡಗಿನಲ್ಲಿ ಬರುವುದಕ್ಕೆ ತಿಂಗಳುಗಳು ಬೇಕು. ಅಷ್ಟು ಕಾಲ ಗ್ರಾಹಕನ ಹಣ ವರ್ತಕನ ಕೈಯಲ್ಲಿರುತ್ತದೆ. 2014ರ ಕೊನೆಯಲ್ಲಿ ಸಿಂಗಪುರದ ಅಂತಹ ಒಂದು ಮಳಿಗೆಯಲ್ಲಿ ಹಣ ಕಟ್ಟಿದ ಅನೇಕರಿಗೆ ಕಾರೂ ದೊರೆಯಲಿಲ್ಲ, ಹಣವೂ ಮರಳಲಿಲ್ಲ. ಆದ್ದರಿಂದ ಮುಂಗಡವನ್ನು ಆದಷ್ಟು ಕಡಿಮೆ ಇಡುವುದು, ಕಾರು ನಿಗದಿತ ದಿನಕ್ಕೆ ಬಾರದಿದ್ದರೆ ಹಣ ಹಿಂದಿರುಗಿಸುವ ಷರತ್ತನ್ನು ಬರವಣಿಗೆಯಲ್ಲಿ ಪಡೆಯುವುದು, ವರ್ತಕನಿಗೆ ಅಲ್ಲಿನ ಗ್ರಾಹಕರ ಸಂಘದ ಮಾನ್ಯತೆ ಇದೆಯೇ ಎಂದು ನೋಡುವುದು ಅವಶ್ಯ. ದೋಷವುಳ್ಳ ಸರಕಿನ ಬಗ್ಗೆ 2012ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಕಾನೂನು ಅಧಿಕೃತ ವಿತರಕನಿಗೂ ಸಮಾನಾಂತರ ಆಮದುದಾರನಿಗೂ ಅನ್ವಯಿಸುತ್ತದೆ: ಕಾರು ಕೈಸೇರಿದ 6 ತಿಂಗಳೊಳಗೆ ಕಂಡ ದೋಷವನ್ನು ಮೊದಲೇ ಇದ್ದ ದೋಷವೆಂದು ಭಾವಿಸಲಾಗುತ್ತದೆ. ಇಲ್ಲವೆಂದು ಸಾಧಿಸುವ ಹೊಣೆ ಮಾರಿದವನದು.

ನಮ್ಮ ದೇಶದಲ್ಲಿ ಸಮಾನಾಂತರ ಆಮದಿನ ಪ್ರಶ್ನೆ ನ್ಯಾಯಾಲಯದ ಮುಂದೆ ಬಂದದ್ದು ಕಾರಿನಿಂದಲ್ಲ, ಕಂಪ್ಯೂಟರ್ ಪ್ರಿಂಟರ್‌ಗಳಿಂದ. ಸ್ಯಾಮ್‌ಸಂಗ್ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು 2012ರಲ್ಲಿ, ಹೊರದೇಶದಲ್ಲಿ ನ್ಯಾಯವಾಗಿ ಮಾರಾಟವಾದ ಅಸಲಿ ಸರಕನ್ನು ಇಲ್ಲಿ ತಂದು ಮಾರಬಹುದೆಂದೂ, ಆದರೆ ತಯಾರಕರ ವಾರಂಟಿ ಇದಕ್ಕಿಲ್ಲವೆಂಬುದನ್ನು ಅಂಗಡಿಯಲ್ಲಿ ಎದ್ದುಕಾಣುವಂತೆ ಪ್ರಕಟಿಸಬೇಕೆಂದೂ ತೀರ್ಪಿತ್ತಿತು.

ಕಾರಿನ ಮಟ್ಟಿಗೆ ಟ್ರೇಡ್ ಮಾರ್ಕಿಗಿಂತ ಆಮದು ನೀತಿಯೇ ದೊಡ್ಡ ತಡೆ. ಸಿಂಗಪುರದಲ್ಲಿಯೂ ಸ್ಟೀರಿಂಗ್ ಬಲಗಡೆ ಇರುವುದರಿಂದ, ಊರಿಗೆ ಮರಳುವಾಗ ಕಾರನ್ನೂ ತರಬಹುದಲ್ಲವೇ ಎಂದು ಹಲವರು ಕೇಳುತ್ತಾರೆ. ಭಾರತದ ಆಮದು ನೀತಿಯ ಪ್ರಕಾರ ಬಳಸಿದ ಕಾರು ತಯಾರಾದ ದಿನದಿಂದ 3 ವರ್ಷ ಮೀರಿರಬಾರದು. ಆಮದು ಸುಂಕವೂ ಭಾರಿಯಾದುದು. ಅಲ್ಲಿ ಐದಾರು ವರ್ಷ ಓಡಿಸಿದ ಕಾರನ್ನು ಅಲ್ಲಿಯೇ ಮಾರಿ ಬರಬೇಕಾಗುತ್ತದೆ.