ಹಿತ್ತಿಲಿಲ್ಲದ ಮನೆಗೆ ಚೊಂಬಿನಲ್ಲಿ ನಾಲ್ಕು ಹೂ

ಪುಣೆ: ಊರಿನ ಹಿತ್ತಿಲಲ್ಲಿ ಹೂ ಕೊಯ್ದು ಬೆಳೆದವರಿಗೆ ಕಾತ್ರಜದ ಫ್ಲ್ಯಾಟಿನಲ್ಲಿ ಹೂವೆಂದರೆ ದುಡ್ಡು ಕೊಟ್ಟು ತರುವ ವಸ್ತು. ಹಬ್ಬಕ್ಕೆ ತಂದ ಹೂ ಮರುದಿನವೇ ಬಾಡಿದರೆ ಗೃಹಿಣಿಯರಿಗೆ ಬೇಸರವಾಗುವುದು ಸಹಜ. ತುಸು ಎಚ್ಚರ ವಹಿಸಿದರೆ ಅದೇ ಹೂ ಹಲವು ದಿನ ನಗುತ್ತಿರುತ್ತದೆ.

ಕಾತ್ರಜದಿಂದ ಸ್ವಾರಗೇಟ್ ಕಡೆಗೆ ಹೋದರೆ ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡ್‌ನಲ್ಲಿ ಹೂವಿನ ಪೇಟೆಯಿದೆ. ಅಲ್ಲಿ ಸುಗಂಧರಾಜವನ್ನು 'ನಿಶಿಗಂಧ'ವೆಂದೂ ಸೇವಂತಿಗೆಯನ್ನು 'ಶೇವಂತಿ'ಯೆಂದೂ ಕೇಳಬೇಕು. ಪೂರ್ತಿ ಅರಳಿದ್ದಕ್ಕಿಂತ ಅರೆಬಿರಿದ ಹೂ ಹೆಚ್ಚು ದಿನ ಬಾಳುತ್ತದೆ.

ಮನೆಗೆ ತಂದೊಡನೆ ಹರಿತವಾದ ಚಾಕುವಿನಿಂದ ದಂಟಿನ ತುದಿಯನ್ನು ಒಂದಿಂಚು ಓರೆಯಾಗಿ ಕತ್ತರಿಸಿ ಕೂಡಲೇ ನೀರಿಗಿಡಬೇಕು. ತಡವಾದರೆ ದಂಟಿನೊಳಗೆ ಗಾಳಿ ಸೇರಿ ನೀರು ಮೇಲೇರದು. ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆಯಬೇಕು; ಅವು ಕೊಳೆತರೆ ಹೂವೂ ಬೇಗ ಬಾಡುತ್ತದೆ. ಜರ್ಬೆರಾದ ದಂಟು ಬೇಗ ಕೊಳೆಯುವುದರಿಂದ ಅದಕ್ಕೆ ಎರಡು-ಮೂರು ಇಂಚು ನೀರು ಸಾಕು. ದಿನಕ್ಕೊಮ್ಮೆ ನೀರು ಬದಲಿಸಬೇಕು. ಬಿಸಿಲು ಮತ್ತು ಫ್ಯಾನಿನ ಗಾಳಿಯಿಂದ ದೂರವಿಡಬೇಕು. ಮಾಗಿದ ಬಾಳೆಹಣ್ಣಿನ ಬುಟ್ಟಿಯ ಪಕ್ಕದಲ್ಲಂತೂ ಇಡಲೇಬಾರದು. ಹಣ್ಣು ಬಿಡುವ ಎಥಿಲೀನ್ ಅನಿಲ ಹೂವನ್ನು ಬೇಗ ಬಾಡಿಸುತ್ತದೆ.

ಜೋಡಣೆಗೆ ದುಬಾರಿ ಹೂದಾನಿಯೇ ಬೇಕೆಂದಿಲ್ಲ. ತವರಿನಿಂದ ತಂದ ಹಿತ್ತಾಳೆಯ ಚೊಂಬೂ ಆದೀತು. ಎತ್ತರದ ಸುಗಂಧರಾಜ ಹಿಂದೆ, ಗಿಡ್ಡ ದಂಟಿನ ಸೇವಂತಿಗೆ ಮುಂದೆ, ನಡುವೆ ಬಾಲ್ಕನಿಯ ಕುಂಡದಿಂದ ಎರಡು ಹಸಿರೆಲೆ. ಕಿಕ್ಕಿರಿದು ತುಂಬದೆ ನಡುವೆ ಜಾಗ ಬಿಟ್ಟರೆ ಒಂದೊಂದು ಹೂವೂ ಕಣ್ಣಿಗೆ ಬೀಳುತ್ತದೆ.

ಸುಗಂಧರಾಜ ಕೆಳಗಿನಿಂದ ಮೇಲಕ್ಕೆ ಅರಳುತ್ತದೆ. ಬಾಡಿದ್ದನ್ನು ತೆಗೆಯುತ್ತಿದ್ದರೆ ಸಂಜೆ ಬಾಗಿಲು ತೆರೆದಾಗ ಹಿತ್ತಿಲಿಲ್ಲದ ಮನೆಯಲ್ಲೂ ಊರಿನ ಘಮ ಎದುರುಗೊಳ್ಳುತ್ತದೆ.