ಮನೆಗೆ ಬಂದ ಹೊಸ ಲೇತ್

ಕರ್ನಾಟಕಕ್ಕೆ ಲೇತ್ ಹೊಸತೇನಲ್ಲ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. 1953ರಲ್ಲಿ ಬೆಂಗಳೂರಿನಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದೊಂದಿಗೆ ಎಚ್‌ಎಂಟಿ ಹುಟ್ಟಿತು. ಆ ಲೇತ್‌ಗಳು ಟನ್‌ಗಟ್ಟಲೆ ತೂಗುವ, ತ್ರೀ ಫೇಸ್ ಕರೆಂಟು ಬೇಡುವ ಯಂತ್ರಗಳು. ಈಗ ಹವ್ಯಾಸಿಗಳ ಮನೆಗೆ ಬರುತ್ತಿರುವುದು ಮಿನಿ ಲೇತ್. ತೂಕ ಸುಮಾರು 40 ಕೆ.ಜಿ., ಮನೆಯ ಮಾಮೂಲಿ ಪ್ಲಗ್ಗಿನಲ್ಲೇ ಓಡುತ್ತದೆ. ಬೆಡ್ಡಿನ ಮೇಲೆ 180 ಮಿ.ಮೀ. ವ್ಯಾಸದ ಜಾಬ್ ತಿರುಗುವಷ್ಟು ಜಾಗವಿರುತ್ತದೆ. ಆದರೆ ಪೆಟ್ಟಿಗೆ ಬಿಚ್ಚಿದ ದಿನವೇ ಇದರಿಂದ ನಿಖರವಾದ ಕೆಲಸ ಬಯಸಬಾರದು. ಇಂಥ ಲೇತ್ ಕೊಂಡವರ ಕೈಯಲ್ಲೇ ಪೂರ್ತಿಯಾಗಬೇಕಾದ ಯಂತ್ರ.

ಮೊದಲ ಕೆಲಸ ತೊಳೆಯುವುದು. ತುಕ್ಕು ಹಿಡಿಯದಿರಲೆಂದು ಮೆತ್ತಿ ಕಳಿಸಿದ ಅಂಟು ಗ್ರೀಸು ಬೆಡ್, ಸ್ಲೈಡು, ಸ್ಕ್ರೂಗಳಲ್ಲೆಲ್ಲ ತುಂಬಿರುತ್ತದೆ. ಅದರೊಳಗೆ ಗ್ರೈಂಡಿಂಗ್ ಪುಡಿಯೂ ಸೇರಿರಬಹುದು. ಅದು ಜಾರುವ ಮೈಯನ್ನು ಸವೆಸುತ್ತದೆ. ಕ್ರಾಸ್ ಸ್ಲೈಡ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ಬ್ರಶ್ಶಿನಿಂದ ತೊಳೆದು, ಒರೆಸಿ, ಸ್ಲೈಡ್‌ವೇ ಎಣ್ಣೆ ಹಚ್ಚಿ ಮತ್ತೆ ಜೋಡಿಸಿ. ಜೋಡಿಸುವಾಗ ಸ್ಲೈಡಿನ ಬಿಗಿ ಹೊಂದಿಸುವ ಜಿಬ್ ಸ್ಕ್ರೂಗಳನ್ನು ಸ್ವಲ್ಪಸ್ವಲ್ಪವೇ ಬಿಗಿಯಿರಿ. ಹ್ಯಾಂಡಲ್ ತಿರುಗಿಸಿದರೆ ಈ ತುದಿಯಿಂದ ಆ ತುದಿವರೆಗೆ ಒಂದೇ ಬಿಗಿ ಸಿಗಬೇಕು, ಸ್ಲೈಡನ್ನು ಕೈಯಿಂದ ಅಲ್ಲಾಡಿಸಿದರೆ ಅಲುಗಬಾರದು.

ಇನ್ನು ಕೂರಿಸುವುದು. ದಪ್ಪ ಆ್ಯಂಗಲ್‌ನಲ್ಲಿ ವೆಲ್ಡ್ ಮಾಡಿಸಿದ ಸ್ಟ್ಯಾಂಡು, ಮೇಲೆ 19 ಮಿ.ಮೀ. ಪ್ಲೈವುಡ್ ಎರಡು ಪದರ ಇದ್ದರೆ ಮಿನಿ ಲೇತ್‌ಗೆ ಸಾಕು. ನೆಲಕ್ಕೆ ಲೇತ್ ಮಟ್ಟವಾಗಿರಲೇಬೇಕೆಂದು ಬಹಳ ಜನ ಗಾರೆಯವರ ರಸಮಟ್ಟ ಇಟ್ಟು ಒದ್ದಾಡುತ್ತಾರೆ. ಆದರೆ ಓಲಾಡುವ ಹಡಗಿನ ವರ್ಕ್‌ಶಾಪಿನಲ್ಲೂ ಲೇತ್‌ಗಳು ಓಡುತ್ತವೆ. ನೆಲಕ್ಕೆ ಮಟ್ಟವಾಗಿರುವುದಕ್ಕಿಂತ ಬೆಡ್ ತಿರುಚಿರದಿರುವುದು ಮುಖ್ಯ. ಒಂದು ಮೂಲೆಯ ಬೋಲ್ಟ್ ಹೆಚ್ಚು ಬಿಗಿದರೂ ಬೆಡ್ ಕೂದಲೆಳೆಯಷ್ಟು ತಿರುಚಿಕೊಂಡು, ಕಡೆದ ರಾಡು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ ಆಗುತ್ತದೆ.

ಇದನ್ನು ಪತ್ತೆಹಚ್ಚಲು ದುಬಾರಿ ಉಪಕರಣ ಬೇಕಿಲ್ಲ. 25–30 ಮಿ.ಮೀ. ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ರಾಡನ್ನು ಚಕ್‌ನಿಂದ 120 ಮಿ.ಮೀ.ನಷ್ಟು ಹೊರಗಿಟ್ಟು ಕಚ್ಚಿಸಿ. ಟೇಲ್‌ಸ್ಟಾಕಿನ ಆಸರೆ ಕೊಡಬೇಡಿ. ಎರಡು ತುದಿಗಳಲ್ಲಿ ಬೆರಳಗಲದ ಪಟ್ಟಿ ಉಳಿಸಿ ನಡುವಿನ ಭಾಗವನ್ನು ತಗ್ಗಿಸಿ. ಆಮೇಲೆ ಚೂಪಾದ ಟೂಲ್‌ನಿಂದ, ಕ್ರಾಸ್ ಸ್ಲೈಡ್ ಮುಟ್ಟದೆ, ಎರಡೂ ಪಟ್ಟಿಗಳ ಮೇಲೆ ತೆಳುವಾದ ಒಂದೇ ಕಟ್ ಎಳೆದು ಮೈಕ್ರೋಮೀಟರ್ ಹಿಡಿಯಿರಿ. ಟೇಲ್‌ಸ್ಟಾಕ್ ಕಡೆಯ ಪಟ್ಟಿ ದಪ್ಪ ಬಂದರೆ ಆ ತುದಿಯಲ್ಲಿ ಟೂಲ್ ನಿಮ್ಮ ಕಡೆಗೆ ವಾಲಿದೆ ಎಂದರ್ಥ. ಆ ತುದಿಯ ಮುಂದಿನ ಬೋಲ್ಟಿನ ಕೆಳಗೆ ತೆಳು ತಗಡು ಕೊಟ್ಟು ಮತ್ತೆ ಕಟ್ ಎಳೆಯಿರಿ. ಸಣ್ಣ ಬಂದರೆ ಹಿಂದಿನ ಬೋಲ್ಟಿಗೆ ಕೊಡಿ. ಎರಡು ಪಟ್ಟಿಗಳ ವ್ಯತ್ಯಾಸ 0.01 ಮಿ.ಮೀ.ಗೆ ಇಳಿಯುವವರೆಗೂ ಬಿಡಬೇಡಿ. ಎಷ್ಟು ತಗಡು ಕೊಟ್ಟರೂ ದಾರಿಗೆ ಬಾರದಿದ್ದರೆ ಹೆಡ್‌ಸ್ಟಾಕೇ ಓರೆಯಾಗಿ ಕೂತಿರಬಹುದು. ಅದನ್ನು ಅನುಭವಿ ಟರ್ನರ್ ಒಬ್ಬರನ್ನು ಜೊತೆಗಿಟ್ಟುಕೊಂಡೇ ಬಿಚ್ಚಿ.

ಟೂಲ್‌ಗಳ ವಿಷಯಕ್ಕೆ ಬಂದರೆ, ಅಂಗಡಿಯವರು ಮೊದಲು ತೋರಿಸುವುದು ಕಾರ್ಬೈಡ್ ಇನ್ಸರ್ಟ್‌ಗಳ ಸೆಟ್ಟು. ಕಲಿಯುವವರಿಗೆ ನನ್ನ ಸಲಹೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್. ಕಾರ್ಬೈಡ್ ತನ್ನ ಗುಣ ತೋರುವುದು ಹೆಚ್ಚಿನ ವೇಗದಲ್ಲಿ, ಗಟ್ಟಿ ಯಂತ್ರದಲ್ಲಿ. ಮಿನಿ ಲೇತ್‌ಗೆ ಆ ಬಲವಿಲ್ಲ. ಎಚ್‌ಎಸ್‌ಎಸ್ ಅನ್ನು ಬೆಂಚ್ ಗ್ರೈಂಡರಿನಲ್ಲಿ ನಾವೇ ಸಾಣೆ ಹಿಡಿದು ಬೇಕಾದ ಆಕಾರಕ್ಕೆ ತರಬಹುದು. ಮುಂದೆ, ಪಕ್ಕದಲ್ಲಿ 8–10 ಡಿಗ್ರಿ ಇಳಿಜಾರು ಕೊಟ್ಟು, ಮೂತಿಯನ್ನು ಎಣ್ಣೆಕಲ್ಲಿನಲ್ಲಿ ಸ್ವಲ್ಪವೇ ದುಂಡಗೆ ಮಾಡಿದರೆ ಎಂಎಸ್‌ಗೆ ಒಳ್ಳೆಯ ಟೂಲ್. ವೇಗ ನಿಮಿಷಕ್ಕೆ 25 ಮೀಟರ್ ಎಂದಿಟ್ಟುಕೊಂಡರೆ, 25 ಮಿ.ಮೀ. ರಾಡಿಗೆ 320 ಸುತ್ತಿನ ಆಸುಪಾಸು.

ಟೂಲಿನ ತುದಿ ಸೆಂಟರ್ ಎತ್ತರಕ್ಕೇ ಇರಬೇಕು. ಸಾಮಾನ್ಯ ಟೂಲ್‌ಪೋಸ್ಟ್ ಆದರೆ ಕೆಳಗೆ ಪ್ಯಾಕಿಂಗ್ ಕೊಡಬೇಕು. ಸವೆದ ಹ್ಯಾಕ್ಸಾ ಬ್ಲೇಡಿನ ತುಂಡುಗಳು ಇದಕ್ಕೆ ಸೊಗಸಾಗಿ ಒದಗುತ್ತವೆ. ಎತ್ತರ ನೋಡಲು, ಯಂತ್ರ ನಿಲ್ಲಿಸಿ, ರಾಡಿಗೂ ಟೂಲ್ ತುದಿಗೂ ನಡುವೆ ತೆಳುವಾದ ಸ್ಟೀಲ್ ಸ್ಕೇಲನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಸ್ಕೇಲ್ ನೆಟ್ಟಗೆ ನಿಂತರೆ ಸರಿ. ಮೇಲ್ತುದಿ ನಿಮ್ಮ ಕಡೆಗೆ ಬಾಗಿದರೆ ಟೂಲ್ ಕೆಳಗಿದೆ, ಆಚೆಗೆ ಬಾಗಿದರೆ ಮೇಲಿದೆ.

ಹಣ ಉಳಿದಿದ್ದರೆ ಮೊದಲು ಮ್ಯಾಗ್ನೆಟಿಕ್ ಸ್ಟ್ಯಾಂಡಿನ ಜೊತೆ ಡಯಲ್ ಗೇಜ್, ನಂತರ ನಾಲ್ಕು ದವಡೆಯ ಚಕ್ ಕೊಳ್ಳಿ. ಮೂರು ದವಡೆಯ ಚಕ್ ಬೇಗ ಕಚ್ಚುತ್ತದೆ, ಆದರೆ ಸೆಂಟರ್ ತುಸು ತಪ್ಪಿಯೇ ಇರುತ್ತದೆ. ನಾಲ್ಕು ದವಡೆಯದನ್ನು ಡಯಲ್ ನೋಡುತ್ತ ಹೊಂದಿಸಿದರೆ ಎಷ್ಟು ನಿಖರತೆ ಬೇಕೋ ಅಷ್ಟು ಸಿಗುತ್ತದೆ.

ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸಿ. ಕೈಗವಸು, ದುಪಟ್ಟಾ, ಉದ್ದ ತೋಳು ಲೇತ್ ಮುಂದೆ ಬೇಡ, ಕನ್ನಡಕ ಬೇಕು. ಸುರುಳಿಯಾಗಿ ಬರುವ ಚಿಪ್ಸನ್ನು ಕೈಯಿಂದ ಎಳೆಯಬೇಡಿ. ಚಕ್ ಕೀ ನಿಮ್ಮ ಕೈಯಲ್ಲಿರಲಿ, ಇಲ್ಲವೇ ಅದರ ಜಾಗದಲ್ಲಿರಲಿ. ಚಕ್‌ನಲ್ಲೇ ಬಿಟ್ಟು ಸ್ವಿಚ್ ಹಾಕಿದರೆ ಅದು ಹಾರಿ ಬಂದು ಮುಖಕ್ಕೇ ಬಡಿಯಬಹುದು.